ಆ ಕಾಗದಗಳನ್ನು ಏನು ಮಾಡುವುದು?

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಮಗನ ಮನೆಗೆ ಹೋದರೆ ನನಗೆ ಹಗಲು ಕಳೆಯುವುದೇ ದೊಡ್ಡ ಕೆಲಸ. ಮಾಳಿಗೆಯ ಮೇಲೆ ಹಪ್ಪಳ ಹಾಕೋಣವೆಂದರೆ ಅಪಾರ್ಟ್‌ಮೆಂಟಿನವರು ಬೀಗ ಹಾಕಿರುತ್ತಾರೆ. ಹಾಗೆ ಒಂದು ಭಾನುವಾರ ಮಧ್ಯಾಹ್ನ ಮಗ ಹಳೆಯ ಇಂಗ್ಲಿಷ್ ಸಿನಿಮಾ ಒಂದನ್ನು ಹಾಕಿ, "ಅಮ್ಮಾ, ನೀನು ಪೌರನೀತಿ ಮೇಡಂ ತಾನೆ? ನಿನ್ನ ಸಬ್ಜೆಕ್ಟೇ ಇದು, ನೋಡು" ಎಂದು ಹೇಳಿ, ಹತ್ತು ನಿಮಿಷದಲ್ಲಿ ತಾನೇ ಸೋಫಾದ ಮೇಲೆ ನಿದ್ದೆ ಹೋದ. ನೋಡಿದವರು ನಾನು ಮತ್ತು ಸೊಸೆ. ಕಪ್ಪು ಬಿಳುಪು ಚಿತ್ರ, ಹಾಡಿಲ್ಲ, ಕುಣಿತವಿಲ್ಲ, ಗುಂಡಿನ ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಗಂಡಸರು ಕೋಣೆಗಳಲ್ಲಿ ಕುಳಿತು ಮಾತಾಡುತ್ತಾರೆ, ಫೋನು ಎತ್ತುತ್ತಾರೆ, ಇಡುತ್ತಾರೆ. ಆದರೂ ನಾವಿಬ್ಬರೂ ಒಲೆಯ ಮೇಲಿಟ್ಟ ಹಾಲನ್ನು ಮರೆತುಬಿಟ್ಟೆವು.

ಚಿತ್ರದ ಹೆಸರು 'ಸೆವೆನ್ ಡೇಸ್ ಇನ್ ಮೇ'. 1962ರಲ್ಲಿ ಫ್ಲೆಚರ್ ನೆಬೆಲ್ ಮತ್ತು ಚಾರ್ಲ್ಸ್ ಬೈಲಿ ಎಂಬ ಇಬ್ಬರು ಪತ್ರಕರ್ತರು ಬರೆದ ಕಾದಂಬರಿಯಿಂದ ತೆಗೆದದ್ದು. ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್, ತೆರೆ ಕಂಡದ್ದು 1964ರಲ್ಲಿ. ಅಮೆರಿಕದ ಅಧ್ಯಕ್ಷ ಲೈಮನ್ ರಷ್ಯದೊಡನೆ ಅಣ್ವಸ್ತ್ರ ತ್ಯಜಿಸುವ ಒಪ್ಪಂದ ಮಾಡಿಕೊಂಡಿದ್ದಾನೆ. ಜನಕ್ಕೆ ಅದು ಬೇಡವಾಗಿದೆ, ಆತನ ಹೆಸರು ಕೆಟ್ಟಿದೆ. ಮೂರೂ ಪಡೆಗಳಿಗೆ ಹಿರಿಯನಾದ ಜನರಲ್ ಸ್ಕಾಟನಿಗೆ ದೇಶವನ್ನು ಮಾರಿದ್ದಾರೆಂಬ ಸಿಟ್ಟು. ಅವನು ಇತರ ದಂಡನಾಯಕರೊಡನೆ ಸೇರಿ ಒಂದು ಭಾನುವಾರ ಅಧ್ಯಕ್ಷನನ್ನೇ ಸೆರೆಹಿಡಿದು ಸರ್ಕಾರ ಕೈಗೆ ತೆಗೆದುಕೊಳ್ಳುವ ಹಂಚಿಕೆ ಹಾಕುತ್ತಾನೆ. ಅದನ್ನು ಮೊದಲು ಮೂಸಿ ನೋಡುವವನು ಸ್ಕಾಟನ ಕಚೇರಿಯಲ್ಲೇ ಕೆಲಸ ಮಾಡುವ, ಅವನನ್ನು ಮನಸಾರೆ ಗೌರವಿಸುವ ಕರ್ನಲ್ ಕೇಸಿ. ಕುದುರೆ ಜೂಜಿನ ಬಾಜಿಯ ಹೆಸರಿನಲ್ಲಿ ದಂಡನಾಯಕರಿಗೆ ಹೋಗುತ್ತಿರುವ ಗುಟ್ಟಿನ ತಂತಿಗಳು, ಟೆಕ್ಸಾಸ್ ಕಡೆಯ ಮರುಭೂಮಿಯಲ್ಲಿ ಅಧ್ಯಕ್ಷನಿಗೇ ತಿಳಿಯದ ಒಂದು ಸೈನಿಕ ನೆಲೆ. ಹೀಗೆ ಒಂದೊಂದೇ ಎಳೆ ಅವನ ಕೈಗೆ ಸಿಗುತ್ತದೆ. ಒಂದೊಂದಕ್ಕೂ ಬೇರೆ ಅರ್ಥ ಹೇಳಬಹುದು. ಎಲ್ಲ ಸೇರಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಇದು ಬರೀ ಕಟ್ಟುಕಥೆಯೆಂದು ಆಗಿನವರು ತಳ್ಳಿಹಾಕಲಿಲ್ಲ. ಕೆನಡಿ ಸ್ವತಃ ಈ ಕಾದಂಬರಿ ಓದಿ, ಇದು ಸಿನಿಮಾ ಆಗಲೆಂದು ಬಯಸಿದವರು. ಶ್ವೇತಭವನದ ಹೊರಗೆ ದೊಂಬಿಯ ದೃಶ್ಯ ತೆಗೆಯಲು ಅನುಕೂಲವಾಗಲೆಂದು ಆ ವಾರಾಂತ್ಯ ತಾವು ಊರಲ್ಲಿರದಂತೆ ನೋಡಿಕೊಂಡರು. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಬಾಂಬು ಹಾಕೋಣವೆಂದು ಒತ್ತಾಯಿಸಿದ ತಮ್ಮದೇ ಜನರಲ್‌ಗಳ ಮುಖ ಅವರ ಕಣ್ಣ ಮುಂದೆ ಇದ್ದಿರಬೇಕು. ಚಿತ್ರ ತೆರೆಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಇನ್ನೂ ಹಿಂದೆ, 1934ರಲ್ಲಿ, ಸ್ಮೆಡ್ಲಿ ಬಟ್ಲರ್ ಎಂಬ ನಿವೃತ್ತ ಮೇಜರ್ ಜನರಲ್ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಬಂದು, ಹಣವಂತರ ಪರವಾಗಿ ಒಬ್ಬ ತನ್ನಲ್ಲಿಗೆ ಬಂದಿದ್ದನೆಂದೂ, ಮಾಜಿ ಸೈನಿಕರ ಐದು ಲಕ್ಷದ ದಂಡು ಕಟ್ಟಿ ಅಧ್ಯಕ್ಷ ರೂಸ್‌ವೆಲ್ಟರನ್ನು ಮೂಲೆಗೆ ಕೂರಿಸಬೇಕೆಂದು ಹೇಳಿದನೆಂದೂ ಪ್ರಮಾಣ ಮಾಡಿ ಹೇಳಿದ್ದ. ಪತ್ರಿಕೆಗಳು ನಕ್ಕವು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸುದ್ದಿ ತಂದವನಿಗೇ ನಗೆಪಾಟಲು.

ಕೇಸಿಯ ಬಗ್ಗೆ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಹೇಳಬೇಕು. ಆ ಒಪ್ಪಂದ ಅವನಿಗೂ ಇಷ್ಟವಿಲ್ಲ! ಅಧ್ಯಕ್ಷನ ಎದುರಿಗೇ ಅದನ್ನು ಒಪ್ಪಿಕೊಳ್ಳುತ್ತಾನೆ. ಅಭಿಪ್ರಾಯದಲ್ಲಿ ಅವನು ಸ್ಕಾಟನ ಕಡೆಯವನು. ಆದರೆ ಒಪ್ಪಂದ ಮಾಡುವ ಹಕ್ಕು ಯಾರದೋ ಅವರು ಮಾಡಿದ್ದಾರೆ, ಇನ್ನು ಅದನ್ನು ನಡೆಸಬೇಕು, ಅಷ್ಟೇ ಅವನ ಲೆಕ್ಕ. ನಮ್ಮ ಮನೆಗಳಲ್ಲಿ ಇಂಥ ಲೆಕ್ಕ ಎಷ್ಟು ಅಪರೂಪ ನೋಡಿ. ನಮಗೆ ಬೇಕಾದ ತೀರ್ಮಾನವಾದರೆ ಹೇಗೆ ಆಯಿತೆಂದು ಯಾರು ಕೇಳುತ್ತಾರೆ? ಬೇಡದ್ದಾದರೆ ಮಾತ್ರ ನಿಯಮ ನೆನಪಾಗುತ್ತದೆ. ಸ್ತ್ರೀಸಮಾಜದ ಚುನಾವಣೆಯಿಂದ ಹಿಡಿದು ಎಲ್ಲ ಕಡೆ ಇದೇ.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ರಾಷ್ಟ್ರಪತಿಯ ಅಧಿಕಾರಗಳನ್ನು ಹೇಳಿಕೊಡುತ್ತಿದ್ದೆ. ಸಂವಿಧಾನದ 53ನೇ ವಿಧಿಯಂತೆ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು, ಅದನ್ನೂ ಕಾನೂನಿನ ಪ್ರಕಾರವೇ ಚಲಾಯಿಸಬೇಕು. ಬೋರ್ಡಿನ ಮೇಲೆ ಬರೆದೆ. ಐದು ಅಂಕದ ಪ್ರಶ್ನೆ, ಉತ್ತರದಲ್ಲಿ ಐದು ಅಂಶ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದ. "ಮಿಸ್, ಬಂದೂಕೆಲ್ಲ ಮಿಲಿಟ್ರಿಯೋರ ಹತ್ರ ಇರುತ್ತೆ. ರಾಷ್ಟ್ರಪತಿ ಹತ್ರ ಒಂದೂ ಇರಲ್ಲ. ಮತ್ಯಾಕೆ ಅವರ ಮಾತು ಕೇಳ್ತಾರೆ?" ತರಗತಿಯೆಲ್ಲ ನಕ್ಕಿತು. ನಾನೂ "ಕೂತ್ಕೊಳೋ, ತಲೆಹರಟೆ" ಎಂದೆ. ನಿಜವಾಗಿ ನನ್ನಲ್ಲಿ ಉತ್ತರವಿರಲಿಲ್ಲ. ಗೈಡಿನಲ್ಲೂ ಇರಲಿಲ್ಲ.

ಈಗಲಾದರೆ ಅವನಿಗೆ ಆಲ್ಜೀರಿಯಾದ ಕಥೆ ಹೇಳುತ್ತಿದ್ದೆ. 1961ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾಲ್ವರು ಜನರಲ್‌ಗಳು ಅಲ್ಲಿ ದಂಗೆಯೆದ್ದರು. ಆಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಡುವುದು ಅವರಿಗೆ ಬೇಕಿರಲಿಲ್ಲ. ಅಧ್ಯಕ್ಷ ದ ಗಾಲ್ ತಮ್ಮ ಹಳೆಯ ಸೈನಿಕ ಉಡುಪು ತೊಟ್ಟು ಟೆಲಿವಿಷನ್ ಮತ್ತು ರೇಡಿಯೋದಲ್ಲಿ ಮಾತಾಡಿದರು; ಆ ದಂಗೆಕೋರರ ಅಪ್ಪಣೆಯನ್ನು ಯಾವ ಸೈನಿಕನೂ ಪಾಲಿಸಕೂಡದೆಂದರು. ಆಲ್ಜೀರಿಯಾದ ಬ್ಯಾರಕ್ಕುಗಳಲ್ಲಿ ಕಡ್ಡಾಯ ಸೇವೆಗೆ ಬಂದಿದ್ದ ಇಪ್ಪತ್ತು ವರ್ಷದ ಹುಡುಗರು ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತು ಅದನ್ನು ಕೇಳಿದರು. ಮೇಲಿನವರ ಅಪ್ಪಣೆ ಬಂದಾಗ ಬಹಳ ಮಂದಿ ಕೈಕಟ್ಟಿ ನಿಂತರು. ದಂಗೆ ಒಂದು ವಾರವೂ ಬಾಳಲಿಲ್ಲ. ಬಂದೂಕು ಹಿಡಿದವನೇ ಯಾರ ಮಾತು ಕೇಳಬೇಕೆಂದು ನಿರ್ಧರಿಸುತ್ತಾನೆ ಮಗೂ, ಅವನೂ ಎಂದೋ ನಿನ್ನ ಹಾಗೆ ಯಾವುದೋ ಬೆಂಚಿನಲ್ಲಿ ಕೂತಿದ್ದವನು ಎಂದು ಹೇಳುತ್ತಿದ್ದೆನೇನೋ. ಆ ಹುಡುಗ ಈಗ ನಮ್ಮೂರಿನಲ್ಲೇ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಿಕ್ಕಾಗಲೆಲ್ಲ ಮಿಸ್ ಎಂದು ಕೈ ಮುಗಿಯುತ್ತಾನೆ. ಪ್ರಶ್ನೆ ಅವನಿಗೆ ಮರೆತಿದೆ.

ನಮ್ಮಲ್ಲಿ ಸೈನ್ಯ ಹಾಗೆ ಬೀದಿಗೆ ಇಳಿಯಲಿಲ್ಲ, ಅದು ನಮ್ಮ ಪುಣ್ಯ. ಆದರೆ ಸಂವಿಧಾನವನ್ನು ಮಲಗಿಸಲು ಸೈನ್ಯವೇ ಬೇಕೆಂದೇನೂ ಇಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿಯವರು ಒಂದು ಕಾಗದಕ್ಕೆ ಸಹಿ ಹಾಕಿದರು. ಸಂಪುಟದ ಮಂತ್ರಿಗಳಿಗೆ ಸುದ್ದಿ ತಿಳಿದದ್ದು ಮರುದಿನ ಬೆಳಗ್ಗೆ. ಎಲ್ಲವೂ ವಿಧಿ ಪ್ರಕಾರ, ಅಂಕೆ ಸಂಖ್ಯೆ ಸಮೇತ. ಮುಂದೆ 1978ರಲ್ಲಿ 44ನೇ ತಿದ್ದುಪಡಿ ತಂದು, ಸಂಪುಟದ ಲಿಖಿತ ಸಲಹೆಯಿಲ್ಲದೆ ಹಾಗೆ ಮಾಡುವಂತಿಲ್ಲವೆಂದು ಬಾಗಿಲಿಗೆ ಅಗಳಿ ಹಾಕಿದರು. ನಾನಾಗ ಚಿಕ್ಕವಳು. ಅಪ್ಪ ರೇಡಿಯೋದ ಸದ್ದು ತಗ್ಗಿಸಿ ಕೇಳುತ್ತಿದ್ದುದು, ಅಂಗಳದಲ್ಲಿ ಯಾರಾದರೂ ಬಂದರೆ ಮಾತು ಬದಲಿಸುತ್ತಿದ್ದುದು ಮಸುಕಾಗಿ ನೆನಪಿದೆ, ಅಷ್ಟೆ.

ಸಿನಿಮಾಕ್ಕೆ ಬರುತ್ತೇನೆ. ನಮ್ಮಿಬ್ಬರನ್ನು ಹಿಡಿದು ಕೂರಿಸಿದ್ದು ಸೈನ್ಯವೂ ಅಲ್ಲ, ಅಧ್ಯಕ್ಷನೂ ಅಲ್ಲ. ಅದರಲ್ಲಿ ಒಬ್ಬ ಹೆಂಗಸು ಬರುತ್ತಾಳೆ, ಎಲಿನರ್ ಹಾಲ್‌ಬ್ರೂಕ್. ಆವಾ ಗಾರ್ಡ್ನರ್ ಮಾಡಿದ ಪಾತ್ರ. ಸ್ಕಾಟನಿಗೆ ಹೆಂಡತಿಯಿದ್ದೂ ಇವಳೊಡನೆ ಸ್ನೇಹವಿತ್ತು. ಈಗ ಅದು ಮುರಿದಿದೆ. ಅವಳು ಒಂಟಿ, ಒಂದಿಷ್ಟು ಕುಡಿಯುತ್ತಾಳೆ, ಮನಸ್ಸು ಜರ್ಜರಿತವಾಗಿದೆ. ಪಿತೂರಿಗೆ ಪುರಾವೆಯಿಲ್ಲದೆ ಅಧ್ಯಕ್ಷನ ಕಡೆಯವರು ಒದ್ದಾಡುತ್ತಿರುವಾಗ, ಸ್ಕಾಟನ ಮೇಲೆ ಪ್ರಯೋಗಿಸಲು ಏನಾದರೂ ಸಿಗುತ್ತದೆಯೋ ನೋಡಿಕೊಂಡು ಬರಲು ಕೇಸಿಯನ್ನು ಅವಳಲ್ಲಿಗೆ ಕಳಿಸುತ್ತಾರೆ. ಕೇಸಿ ಅವಳಿಗೆ ಗೊತ್ತಿರುವವನು, ಅವಳ ಬಗ್ಗೆ ಅವನಿಗೂ ಒಲವಿದೆ. ಅವಳು ನಂಬಿ ಬಾಗಿಲು ತೆಗೆಯುತ್ತಾಳೆ. ಅವನು ವಾಪಸು ಹೋಗುವಾಗ ಆ ಸಂಬಂಧದ ಪತ್ರಗಳನ್ನು ಹಿಡಿದುಕೊಂಡು ಹೋಗುತ್ತಾನೆ.

ಸೊಸೆ ತಟ್ಟನೆ ಚಿತ್ರ ನಿಲ್ಲಿಸಿದಳು. "ಅತ್ತೆ, ಇವನೂ ಅಷ್ಟೇನಾ!" ಎಂದಳು.

"ಏನು ಮಾಡ್ತಾನಮ್ಮ, ಇಡೀ ದೇಶ ಹೋಗುತ್ತೆ" ಎಂದೆ.

"ಹೋಗಲಿ ಬಿಡಿ. ಅವಳೇನು ಮಾಡಿದ್ಲು ದೇಶಕ್ಕೆ? ಅವಳ ಕಾಗದ ಯಾಕೆ ಬೇಕು?"

ನಾನು ಸುಮ್ಮನಾದೆ. ಏಕೆಂದು ಆಮೇಲೆ ಹೇಳುತ್ತೇನೆ.

ಅಧ್ಯಕ್ಷ ಲೈಮನ್ ಜನರಲ್ಲನ್ನು ಕರೆಸಿ ಎದುರಾ ಎದುರು ಕೂರಿಸಿಕೊಳ್ಳುವ ದೃಶ್ಯ ಆ ಚಿತ್ರದ ಜೀವ. ನಿನಗೆ ಈ ಕುರ್ಚಿ ಬೇಕಿದ್ದರೆ ಚುನಾವಣೆಗೆ ನಿಲ್ಲಬಹುದಲ್ಲ ಎಂದು ಕೇಳುತ್ತಾನೆ. ಜನರಲ್ ಜಗ್ಗುವುದಿಲ್ಲ, ಆರೋಪವನ್ನೂ ಒಪ್ಪುವುದಿಲ್ಲ. ಪತ್ರಗಳು ಅಧ್ಯಕ್ಷನ ಕೈಯಳತೆಯಲ್ಲೇ ಇವೆ. ಅವುಗಳನ್ನು ತೋರಿಸಿದರೆ ಆ ಕ್ಷಣಕ್ಕೆ ಜನರಲ್ಲನ ಪೊಗರು ಇಳಿಯುತ್ತದೆ. ಆದರೂ ಲೈಮನ್ ಅವುಗಳನ್ನು ಬಳಸುವುದಿಲ್ಲ. ಜನರಲ್ಲನನ್ನು ಹಾಗೇ ಹೋಗಗೊಡುತ್ತಾನೆ. ದೇಶದ ಹಣೆಬರಹ ತೂಗುಯ್ಯಾಲೆಯಲ್ಲಿರುವಾಗ ಇಂಥ ಮಡಿ ಬೇಕಿತ್ತೆ?

ಮಗ ಎದ್ದ ಮೇಲೆ ಊಟದ ಹೊತ್ತಿನಲ್ಲಿ ಇದೇ ಚರ್ಚೆ. ಅವನು, "ಅಮ್ಮಾ, ಕೌರವರ ಕಡೆಯವರು ಮೋಸ ಮಾಡ್ತಾ ಇದ್ರೆ ಕೃಷ್ಣ ಸುಮ್ನೆ ಕೂತ್ನಾ? ಕರ್ಣನ ರಥದ ಗಾಲಿ ಹೂತಾಗ ಬಾಣ ಬಿಡು ಅಂದೋನು ಯಾರು?" ಎಂದ. ಒಳ್ಳೆಯ ವಾದವೇ. ಆದರೆ ಅಲ್ಲಿ ಬಾಣ ತಗುಲಿದ್ದು ಕರ್ಣನಿಗೆ. ಇಲ್ಲಿ ತಗುಲುವುದು ಯಾರಿಗೆ? ಜನರಲ್ಲನಿಗೆ ಹೆಚ್ಚೆಂದರೆ ನಾಲ್ಕು ದಿನದ ಅವಮಾನ. ಗಂಡಸಲ್ಲವೆ, ಲೋಕ ಮರೆಯುತ್ತದೆ. ಎಲಿನರಳ ಹೆಸರು ಮಾತ್ರ ಊರೂರಿನ ಪತ್ರಿಕೆಗಳಲ್ಲಿ, ಹೋಟೆಲುಗಳಲ್ಲಿ, ಅವಳು ಸತ್ತ ಮೇಲೂ. ನಾನು ಇದನ್ನು ಹೇಳಿದಾಗ ಸೊಸೆ ಹುಳಿಯ ಸೌಟನ್ನು ಗಂಡನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಬಡಿದಳು.

ಅಷ್ಟು ಖಚಿತವಾಗಿ ಮಾತಾಡಿದ ನನಗೆ ರಾತ್ರಿ ನಿದ್ದೆ ಬರಲಿಲ್ಲ.

1996ರಲ್ಲಿ ನಾನು ಒಂದು ತಾಲ್ಲೂಕು ಊರಿನ ಖಾಸಗಿ ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಬಂದು ಎರಡನೇ ವರ್ಷ. ಪ್ರತಿ ತಿಂಗಳು ಸಂಬಳದ ರಿಜಿಸ್ಟರಿನಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಪೂರ್ತಿ ಮೊತ್ತಕ್ಕೆ ಸಹಿ ಹಾಕುತ್ತಿದ್ದೆವು. ಕೈಗೆ ಬರುತ್ತಿದ್ದುದು ಅರ್ಧ. ಮಿಕ್ಕದ್ದು ಕಾರ್ಯದರ್ಶಿಗಳ ಪಾಲು. ಕೇಳಿದವರಿಗೆ ಮರುವರ್ಷ ಕೆಲಸವಿರುತ್ತಿರಲಿಲ್ಲ. ಸಂಸ್ಥೆಗೆ ನಿಯಮಾವಳಿಯಿತ್ತು, ಸರ್ವಸದಸ್ಯರ ಸಭೆಯಿತ್ತು, ಅಚ್ಚುಹಾಕಿಸಿದ ಧ್ಯೇಯೋದ್ದೇಶಗಳಿದ್ದವು. ಸಭೆ ಕರೆಯದೆಯೇ ಸಭೆ ನಡೆಯಿತೆಂದು ಬರೆದುಕೊಳ್ಳುತ್ತಿದ್ದರು. ಅದೂ ಒಂದು ಸಂವಿಧಾನ ತಾನೆ, ಚಿಕ್ಕದು.

ಒಂದು ಸಂಜೆ ಹಿಂದಿ ಮೇಷ್ಟ್ರು ನಮ್ಮ ಮನೆಗೆ ಬಂದರು. ಐವತ್ತರ ಹತ್ತಿರದವರು, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳ ತಂದೆ. ಬಟ್ಟೆಯ ಚೀಲದಿಂದ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಸ್ಟಾಫ್ ರೂಮಿನ ಬೀರು ಸರಿಸುವಾಗ ಹಿಂದೆ ಬಿದ್ದಿತ್ತಂತೆ. ನಾಲ್ಕು ಕಾಗದ. ಕಾರ್ಯದರ್ಶಿಗಳ ಅಕ್ಷರ ನಮಗೆಲ್ಲ ಗೊತ್ತು. ಮೆಮೊ ತೆಗೆದುಕೊಳ್ಳದವರು ಯಾರಿದ್ದೆವು? ಬರೆದದ್ದು ನಮ್ಮ ಜೊತೆಯ ಒಬ್ಬ ಶಿಕ್ಷಕಿಗೆ. ನನಗಿಂತ ಎರಡು ವರ್ಷ ಚಿಕ್ಕವಳು, ತಂದೆಯಿಲ್ಲದವಳು, ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದವಳು. ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದಳು.

"ಕಾರ್ಯದರ್ಶಿಯ ಹೆಂಡತಿ ನಿಮಗೆ ಸ್ತ್ರೀಸಮಾಜದಲ್ಲಿ ಪರಿಚಯ ಅಲ್ವೇ ಮೇಡಂ? ಆಯಮ್ಮನ ಕೈಗೆ ಕೊಟ್ಟುಬಿಡಿ. ಸಂಸ್ಥೆಯ ಜಾಗ ಆಯಮ್ಮನ ತವರಿನವರದ್ದು. ಎಂಟು ದಿನದಲ್ಲಿ ಈತ ಹೊರಗೆ" ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಪೊಟ್ಟಣ ತೆಗೆದುಕೊಂಡೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾಲ್ಕನ್ನೂ ಓದಿದೆ. ಓದಬಾರದಿತ್ತು. ಅವುಗಳಲ್ಲಿ ಹೇಸುವಂಥದ್ದು ಏನೂ ಇರಲಿಲ್ಲ. ಒಂದರಲ್ಲಿ ಅವಳ ಕೆಮ್ಮು ವಾಸಿಯಾಯಿತೇ ಎಂದು ಕೇಳಿದ್ದರು. ನಮ್ಮೆಲ್ಲರ ಸಂಬಳದಲ್ಲಿ ಅರ್ಧ ನುಂಗುವ ಮನುಷ್ಯ ಅಷ್ಟು ಮೆತ್ತಗೆ ಬರೆಯಬಲ್ಲನೆಂದು ನಂಬುವುದೇ ಕಷ್ಟವಾಯಿತು. ಅವಳಿಗೆ ಅವರ ಬಗ್ಗೆ ಏನನ್ನಿಸುತ್ತಿತ್ತು, ಒಪ್ಪಿಗೆಯೋ, ಹೆದರಿಕೆಯೋ, ಆ ಕಾಗದಗಳಿಂದ ತಿಳಿಯುವಂತಿರಲಿಲ್ಲ. ಆದರೆ ಊರಿಗೆ ಅದನ್ನು ತಿಳಿಯುವ ಅಗತ್ಯವೇನಿತ್ತು? ಅವು ಹೊರಬಿದ್ದ ದಿನ ಅವಳು ಆ ಕೋಣೆಯಿಂದ ಬಸ್ ಸ್ಟ್ಯಾಂಡಿನವರೆಗೆ ಹೇಗೆ ನಡೆದುಹೋಗುತ್ತಿದ್ದಳೆಂದು ಯೋಚಿಸಿದೆ. ಬೆಳಗ್ಗೆ ಪ್ರಾರ್ಥನೆ ನಡೆಯುತ್ತಿದ್ದಾಗ ಅವಳನ್ನು ಪಕ್ಕಕ್ಕೆ ಕರೆದು ಪೊಟ್ಟಣ ಕೈಗಿಟ್ಟೆ.

ಅವಳ ಮುಖ ಸುಣ್ಣವಾಯಿತು. "ಓದಿದ್ರಾ ಅಕ್ಕಾ?" ಎಂದಳು.

"ಇಲ್ಲ" ಎಂದೆ.

ಅವಳಿಗೆ ಗೊತ್ತಾಯಿತು. ಆ ದಿನದಿಂದ ಬುತ್ತಿಗೆ ನನ್ನ ಪಕ್ಕ ಕೂರಲಿಲ್ಲ. ವರ್ಷದ ಕೊನೆಗೆ ಕೆಲಸ ಬಿಟ್ಟು ಹೋದಳು. ಇಂದಿಗೂ ಅವಳ ಆ ಒಂದು ನೋಟ ನೆನಪಾದರೆ ನಾನು ಮಾಡಿದ ಉಪಕಾರ ಅವಳಿಗೆ ಉಪಕಾರವಾಗಿ ಕಂಡಿತೋ ಇಲ್ಲವೋ ಎಂಬ ಅನುಮಾನ. ಸಿನಿಮಾದ ಅಧ್ಯಕ್ಷ ಪತ್ರಗಳನ್ನು ಬಳಸಲಿಲ್ಲ, ನಿಜ. ಆದರೆ ತರಿಸಿಕೊಂಡದ್ದು ಅವನೇ ಅಲ್ಲವೆ? ಕೇಸಿ ಆ ಬಾಗಿಲು ತಟ್ಟಿದ್ದು ಆಗಿಹೋಗಿತ್ತು. ದೊಡ್ಡತನ ತೋರಿಸುವ ಅವಕಾಶ ಅವರಿಗೆ ಬಂದದ್ದು ಅವಳ ಕಾಗದ ಅವರ ಕೈಸೇರಿದ ಮೇಲೆ. ನನಗೂ ಹಾಗೆಯೇ.

ಇನ್ನು ಹಿಂದಿ ಮೇಷ್ಟ್ರು. ಅವರು ಬೇರೆ ದಾರಿ ಕಾಣದೆ ಇಲಾಖೆಗೆ ಅರ್ಜಿ ಬರೆದರು. ವಿಚಾರಣೆಗೆ ಬಂದವರ ಮುಂದೆ ನಾವೆಲ್ಲ ಸ್ಟಾಂಪಿನ ಮೇಲಿನ ನಮ್ಮ ಸಹಿಯನ್ನು ನಮ್ಮದೇ ಎಂದೆವು. ಪೂರ್ತಿ ಸಂಬಳ ಬರುತ್ತಿದೆ ಎಂದೆವು. ನಾನೂ ಅಂದೆ. ಮನೆಯಲ್ಲಿ ಕೂಸಿತ್ತು, ಯಜಮಾನರಿಗೆ ಆಗಿನ್ನೂ ಗಟ್ಟಿ ಕೆಲಸವಿರಲಿಲ್ಲ. ಇವು ಕಾರಣಗಳು, ಸಮರ್ಥನೆಯೆಂದು ಬರೆಯುತ್ತಿಲ್ಲ. ಮೇಷ್ಟ್ರನ್ನು ಮುಂದಿನ ಜೂನ್‌ನಲ್ಲಿ ತೆಗೆದುಹಾಕಿದರು. ಕಾರ್ಯದರ್ಶಿಗಳು ಇನ್ನೂ ನಾಲ್ಕು ವರ್ಷ ಅದೇ ಕುರ್ಚಿಯಲ್ಲಿದ್ದರು. ಬೇರೆಯವರ ಕಾಗದ ಮುಟ್ಟದಷ್ಟು ಸಭ್ಯತೆ ನನ್ನಲ್ಲಿತ್ತು, ಇರಲಿ. ನನ್ನದೇ ಬಾಯಿಂದ ನನ್ನದೇ ಸತ್ಯ ಹೇಳುವ ಧೈರ್ಯವಿದ್ದಿದ್ದರೆ ಆ ಕಾಗದಗಳ ಮಾತೇ ಬರುತ್ತಿರಲಿಲ್ಲ. ಹತ್ತು ಜನರ ಸಹಿಯ ಎದುರು ಹತ್ತು ಜನರ ಮಾತು ಇಟ್ಟಿದ್ದರೆ ಸಾಕಿತ್ತು. ಇದು ನನಗೆ ಹೊಳೆದದ್ದು ಈ ಸಿನಿಮಾ ನೋಡಿದ ರಾತ್ರಿ, ಮಗನ ಮನೆಯ ಫ್ಯಾನಿನ ಕೆಳಗೆ.

ಚಿತ್ರದಲ್ಲಿ ಅಧ್ಯಕ್ಷನನ್ನು ಉಳಿಸುವುದು ಇನ್ನೊಂದು ಕಾಗದ. ಪಿತೂರಿಗೆ ಕೈಜೋಡಿಸಲು ಒಪ್ಪದಿದ್ದ ಒಬ್ಬ ಅಡ್ಮಿರಲ್ಲನಿಂದ ಅಧ್ಯಕ್ಷನ ಆಪ್ತ ಪಾಲ್ ಜೆರಾರ್ಡ್ ತಪ್ಪೊಪ್ಪಿಗೆ ಬರೆಸಿಕೊಂಡಿರುತ್ತಾನೆ. ವಾಪಸು ಬರುವಾಗ ಸ್ಪೇನಿನ ಬೆಟ್ಟದಲ್ಲಿ ವಿಮಾನ ಬಿದ್ದು ಅವನು ಸಾಯುತ್ತಾನೆ. ಅಡ್ಮಿರಲ್ ತಾನು ಏನೂ ಬರೆದುಕೊಟ್ಟಿಲ್ಲವೆನ್ನುತ್ತಾನೆ. ಕಡೆಯ ಗಳಿಗೆಯಲ್ಲಿ ಆ ಕಾಗದ ವಿಮಾನದ ಅವಶೇಷದಲ್ಲಿ ಸಿಗರೇಟಿನ ಡಬ್ಬಿಯೊಳಗೆ ಮಡಿಸಿಟ್ಟ ಹಾಗೇ ಸಿಕ್ಕಿ, ಅಧ್ಯಕ್ಷ ಪತ್ರಕರ್ತರ ಮುಂದೆ ನಿಂತಿರುವಾಗ ಕೈಸೇರುತ್ತದೆ. ಜನರಲ್‌ಗಳು ರಾಜೀನಾಮೆ ಕೊಡುತ್ತಾರೆ. ಸೊಸೆ ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ಕಥೆಗಾರ ಇಲ್ಲಿ ಸ್ವಲ್ಪ ಜಾಣತನ ಮಾಡಿದನೆನ್ನಿಸಿತು. ಆ ಡಬ್ಬಿ ಸಿಗದೇ ಹೋಗಿದ್ದರೆ? ಒಳ್ಳೆಯವನಾಗಿಯೂ ಗೆಲ್ಲುವ ಏರ್ಪಾಟನ್ನು ಅಧ್ಯಕ್ಷನಿಗೆ ಮಾಡಿಕೊಟ್ಟು, ಕಷ್ಟದ ಪ್ರಶ್ನೆಯನ್ನು ಮೆಲ್ಲಗೆ ಬದಿಗಿಟ್ಟುಬಿಟ್ಟರು.

ನಿಜ ಜೀವನದಲ್ಲಿ ಅಂಥ ಡಬ್ಬಿ ಸಿಗುವುದಿಲ್ಲ. 1976ರ ಏಪ್ರಿಲ್‌ನಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದಾಗ, ಇಲ್ಲವೆಂದು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಹಿರಿಯರಾದ ಅವರನ್ನು ದಾಟಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಅವರು ರಾಜೀನಾಮೆ ಕೊಟ್ಟು ಹೋದರು. ಅವರು ಅಂದು ಬರೆದದ್ದೇ ಸರಿಯೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿ ಹಳೆಯ ತೀರ್ಪನ್ನು ಅಳಿಸಿಹಾಕಿತು. ಖನ್ನಾ ಆಗ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಹಿಂದಿ ಮೇಷ್ಟ್ರು ನನಗೆ ಮತ್ತೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೆಲಸ ಹೋದ ಮೇಲೆ ಮನೆಪಾಠ ಹೇಳಿಕೊಂಡು, ಅಂಗಡಿಗಳ ಲೆಕ್ಕ ಬರೆದುಕೊಂಡು ಇದ್ದರಂತೆ. ದೊಡ್ಡ ಮಗಳ ಮದುವೆ ತಡವಾಗಿ ಆಯಿತಂತೆ. ನಾನು ಬಾಯಿಬಿಟ್ಟು ಕೇಳದಿದ್ದರೂ ಅವರೇ ಹೇಳಿದರು: "ಆ ಕಾಗದ ಆಯಮ್ಮನಿಗೆ ಕೊಡದೇ ಇದ್ದದ್ದು ಒಳ್ಳೇದಾಯ್ತು ಮೇಡಂ. ನನಗೂ ಹೆಣ್ಣುಮಕ್ಕಳಿದ್ದಾರೆ, ಆಗ ಹೊಳೀಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ವಿಚಾರಣೆ ದಿನ ನೀವೊಬ್ಬರಾದ್ರೂ ನಿಜ ಹೇಳ್ತೀರಿ ಅಂದ್ಕೊಂಡಿದ್ದೆ" ಎಂದರು. ಸಿಟ್ಟಿನಿಂದಲ್ಲ, ಮಳೆ ಬರುತ್ತದೆಂದು ಕೊಡೆ ತಂದಿದ್ದೆ ಎನ್ನುವಂತೆ ಅಂದರು.

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹಬ್ಬದ ಹಿಂದಿನ ದಿನ, ಜನ ಮುಗಿಬಿದ್ದರು. ಮೇಷ್ಟ್ರು ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯಿಂದ ಒಳಗೆಸೆದು, "ಮೂರನೇ ಸೀಟು ಮೇಡಂ, ಹತ್ತಿ, ಬೇಗ ಹತ್ತಿ" ಎಂದು ಕೂಗಿದರು.